ಅಮ್ಮ ನೇಜಿ ನೆಟ್ಟ ಗದ್ದೆ, ಯಾರ ಹೆಸರಿನಲ್ಲಿ?

ಓದುಗರ ಪ್ರಶ್ನೆ: “ನನಗೆ 43 ವರ್ಷ. ತವರು ಕಾರ್ಕಳದ ಹತ್ತಿರ, ಮದುವೆಯಾಗಿ ಬಂದದ್ದು ಮಂಗಳೂರಿಗೆ. ನಮ್ಮದು ಅಳಿಯಕಟ್ಟು, ಅಂದರೆ ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಅಳಿಯಸಂತಾನ ಪದ್ಧತಿ. ಪಿಯುಸಿ ಓದುವ ಮಗಳು ಮೊನ್ನೆ ಊಟಕ್ಕೆ ಕೂತಾಗ ಹೇಳಿದಳು, ಬೇಸಾಯ ಶುರುವಾಗುವ ಮೊದಲು ಗಂಡು ಹೆಣ್ಣು ಸಮಾನವಾಗಿ ಇದ್ದರಂತೆ, ಬೇಸಾಯ ಬಂದ ಮೇಲೆ ಹೆಂಗಸು ಗಂಡಸಿನ ಕೈಕೆಳಗೆ ಬಂದಳಂತೆ. ಅತ್ತೆ ಒಪ್ಪಲಿಲ್ಲ. ಹೆಂಗಸು ನೇಗಿಲು ಮುಟ್ಟಬಾರದು ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ, ಮತ್ತೆ ನಮ್ಮಲ್ಲಿ ಹೆಣ್ಣಿನಿಂದಲೇ ಕುಟುಂಬ ನಡೆಯುವುದು, ನಮಗೆ ಇದೆಲ್ಲ ತಾಗುವುದಿಲ್ಲ ಎಂದರು. ನನಗೆ ನನ್ನ ಅಮ್ಮನ ನೆನಪಾಯಿತು. ಮದುವೆಯಾದಂದಿನಿಂದ ಗದ್ದೆಯಲ್ಲೇ ದುಡಿದವರು. ಒಂದೂವರೆ ಎಕರೆ ಜಾಗ ಅಪ್ಪನಿಗೆ ಭೂಸುಧಾರಣೆಯ ಡಿಕ್ಲರೇಶನ್‌ನಲ್ಲಿ ಸಿಕ್ಕಿದ್ದು, ಆರ್‌ಟಿಸಿಯಲ್ಲಿ ಅಪ್ಪನ ಹೆಸರು ಮಾತ್ರ. ಅಪ್ಪ ತೀರಿಹೋಗಿ ಎರಡು ವರ್ಷ. ವೀಲುನಾಮೆ ಮಾಡಿಲ್ಲ. ಅಣ್ಣ ಈಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾನೆ. ಅಮ್ಮ ಅವನ ಜೊತೆ ಇದ್ದಾರೆ. ಮಗಳು ಹೇಳಿದ್ದು ನಿಜವಾ? ಅತ್ತೆ ಹೇಳಿದ್ದು ನಿಜವಾ? ನಾನು ಸಹಿ ಹಾಕಬೇಕಾ? ಹಾಕದಿದ್ದರೆ ತವರಿನ ಬಾಗಿಲು ಮುಚ್ಚುತ್ತದೇನೋ ಅಂತ ಹೆದರಿಕೆ.”

ನಿಮ್ಮ ಪತ್ರವನ್ನು ಮೊದಲ ಸಲ ಓದಿದಾಗ ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಉಂಟು ಅನ್ನಿಸಿತು. ಒಂದು ಹತ್ತು ಸಾವಿರ ವರ್ಷ ಹಳೆಯದು, ಇನ್ನೊಂದು ಈ ತಿಂಗಳದ್ದು. ಎರಡನೇ ಸಲ ಓದಿದಾಗ ಗೊತ್ತಾಯಿತು, ನೀವು ಕೇಳುತ್ತಿರುವುದು ಒಂದೇ. ದುಡಿದದ್ದು ಅಮ್ಮ, ಹೆಸರು ಅಪ್ಪನದ್ದು. ಇದು ಹೇಗೆ ಬಂತು, ಈಗ ಏನು ಮಾಡುವುದು?

ನಾನು ವಕೀಲಳಲ್ಲ. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದವಳು. ರಜೆಯಲ್ಲಿ ಮೂಡುಬಿದಿರೆ, ಬ್ರಹ್ಮಾವರ, ಬೆಳ್ತಂಗಡಿ ಕಡೆಯ ಮನೆಗಳಿಗೆ ಹೋಗಿ, ಹೆಂಗಸರು ಬೆಳಗ್ಗೆ ಎದ್ದಲ್ಲಿಂದ ಮಲಗುವವರೆಗೆ ಏನೇನು ಕೆಲಸ ಮಾಡುತ್ತಾರೆ, ಆ ಮನೆಯ ಜಾಗ ಯಾರ ಹೆಸರಿನಲ್ಲಿ ಉಂಟು ಅಂತ ಬರೆದುಕೊಂಡವಳು. ಹಾಗಾಗಿ ಹಳೆಯ ಕಥೆಯನ್ನು ಸ್ವಲ್ಪ ಧೈರ್ಯದಿಂದ ಹೇಳುತ್ತೇನೆ. ಕಾಗದಪತ್ರದ ವಿಷಯವನ್ನು ನನಗೆ ಗೊತ್ತಿರುವಷ್ಟು ಹೇಳುತ್ತೇನೆ, ಸಹಿಯ ಮೊದಲು ನೀವು ವಕೀಲರನ್ನು ಕಾಣಲೇಬೇಕು.

ಮೊದಲು ಮಗಳ ಮಾತು. ಅವಳು ಹೇಳಿದ್ದರಲ್ಲಿ ಅರ್ಧ ನಿಜ ಉಂಟು.

ಬೇಟೆ ಮತ್ತು ಹೆಕ್ಕುವಿಕೆಯಿಂದ ಬದುಕಿದ ಜನರಲ್ಲಿ ಹೆಂಗಸರು ತರುವ ಆಹಾರವೇ ಎಷ್ಟೋ ಕಡೆ ಜಾಸ್ತಿ. ಆಫ್ರಿಕಾದ ಕಲಹಾರಿ ಮರುಭೂಮಿಯ ಕುಂಗ್ ಜನರ ಜೊತೆ 1960ರ ದಶಕದಲ್ಲಿ ಇದ್ದು ಲೆಕ್ಕ ಹಾಕಿದ ಸಂಶೋಧಕರು ಇದನ್ನು ಸ್ಪಷ್ಟವಾಗಿ ಕಂಡರು. ಗಂಡಸರು ತಂದ ಮಾಂಸಕ್ಕಿಂತ ಹೆಂಗಸರು ಹೆಕ್ಕಿ ತಂದ ಕಾಯಿ, ಗೆಡ್ಡೆಗಳೇ ಹೆಚ್ಚು ದಿನ ಹೊಟ್ಟೆ ತುಂಬಿಸುತ್ತಿದ್ದವು. ತಾನು ತಂದದ್ದನ್ನು ಯಾರಿಗೆ ಕೊಡಬೇಕು ಅಂತ ಹೆಂಗಸೇ ತೀರ್ಮಾನ ಮಾಡುತ್ತಿದ್ದಳು. ಬೇಟೆ ಗಂಡಸಿನದ್ದು ಮಾತ್ರ ಅನ್ನುವುದೂ ಪೂರ್ತಿ ಸರಿಯಲ್ಲ. ಪೆರು ದೇಶದ ಬೆಟ್ಟದಲ್ಲಿ ಸುಮಾರು 9000 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿತು. ಕಲ್ಲಿನ ಈಟಿಮೊನೆಗಳು, ಚರ್ಮ ಸುಲಿಯುವ ಕಲ್ಲುಗಳು, ಬೇಟೆಗಾರನ ಪೂರ್ತಿ ಸಾಮಾನು ಪಕ್ಕದಲ್ಲಿ ಇಟ್ಟಿದ್ದರು. ಪರೀಕ್ಷೆ ಮಾಡಿ ನೋಡಿದರೆ ಅದು ಇಪ್ಪತ್ತೂ ತುಂಬದ ಹುಡುಗಿಯ ಮೂಳೆ. ಈ ಸಂಶೋಧನೆ ಹೊರಬಂದದ್ದು 2020ರಲ್ಲಿ.

ಆದರೆ ಅದು ಸ್ವರ್ಗ ಅಲ್ಲ. ಮಕ್ಕಳು ಸಾಯುತ್ತಿದ್ದರು, ಹೆರಿಗೆಯಲ್ಲಿ ತಾಯಂದಿರು ಸಾಯುತ್ತಿದ್ದರು, ಜಗಳ ಹೊಡೆದಾಟ ಇತ್ತು. ಮತ್ತೆ ಎಲ್ಲ ಗುಂಪುಗಳೂ ಒಂದೇ ರೀತಿ ಇರಲಿಲ್ಲ. ಸಮಾನತೆ ಜಾಸ್ತಿ ಇತ್ತು ಅನ್ನಬಹುದು. ಪೂರ್ತಿ ಇತ್ತು ಅನ್ನಲು ಆಗುವುದಿಲ್ಲ.

ಬೇಸಾಯ ಬಂದ ಮರುದಿನವೇ ಹೆಂಗಸು ಕೆಳಗೆ ಬಿದ್ದಳು ಅನ್ನುವುದೂ ತಪ್ಪು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಶಾಲೆ ಕಾಲೇಜಿನಲ್ಲಿ ಇದನ್ನು ಬಹಳ ಚಿಕ್ಕದು ಮಾಡಿ ಹೇಳುತ್ತಾರೆ. ಟರ್ಕಿಯಲ್ಲಿ ಚಾತಲ್‌ಹೊಯುಕ್ ಅಂತ ಒಂದು ಜಾಗ. ಸುಮಾರು 9000 ವರ್ಷದ ಹಿಂದೆ ಅಲ್ಲಿ ಸಾವಿರಾರು ಜನ ಮನೆಗೆ ಮನೆ ತಾಗಿಸಿ ಕಟ್ಟಿಕೊಂಡು, ಗೋಧಿ ಬೆಳೆದು ಬದುಕಿದರು. ಅಲ್ಲಿನ ಮೂಳೆಗಳನ್ನು ನೋಡಿದರೆ ಗಂಡಸರೂ ಹೆಂಗಸರೂ ಹೆಚ್ಚುಕಡಿಮೆ ಒಂದೇ ಊಟ ಮಾಡಿದ್ದಾರೆ. ಒಲೆಯ ಹೊಗೆಯ ಮಸಿ ಇಬ್ಬರ ಪಕ್ಕೆಲುಬಿನ ಒಳಗೂ ಒಂದೇ ರೀತಿ ಕೂತಿದೆ. ಅಂದರೆ ಮನೆಯೊಳಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತು ಕಳೆದಿದ್ದರು. 2025ರಲ್ಲಿ ಬಂದ ಡಿಎನ್ಎ ಸಂಶೋಧನೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು, ಒಂದೇ ಮನೆಯ ನೆಲದಡಿ ಹೂಳಿದವರು ತಾಯಿಯ ಕಡೆಯಿಂದ ಸಂಬಂಧಿಗಳಾಗಿದ್ದರು ಅಂತ ತೋರಿಸಿತು. ಅತ್ತೆಗೆ ಇದನ್ನು ಹೇಳಿ, ಖುಷಿಯಾಗುತ್ತದೆ. ತಾಯಿಯ ಕಡೆಯಿಂದ ಮನೆ ಲೆಕ್ಕ ಹಾಕಿದವರು ನಾವು ಮಾತ್ರ ಅಲ್ಲ.

ಹಾಗಾದರೆ ಬದಲಾದದ್ದು ಏನು?

ಮೊದಲು ಬದಲಾದದ್ದು ಮೈ. ಅಲೆದಾಡುವ ಹೆಂಗಸು ಒಂದು ಮಗುವನ್ನು ಹೊತ್ತುಕೊಂಡು ನಡೆಯಬೇಕು, ಎರಡನ್ನು ಹೊರಲು ಆಗುವುದಿಲ್ಲ. ಕುಂಗ್ ತಾಯಂದಿರಲ್ಲಿ ಎರಡು ಹೆರಿಗೆಯ ನಡುವೆ ಸುಮಾರು 4 ವರ್ಷ ಅಂತರ ಇತ್ತು. ಒಂದೇ ಕಡೆ ನೆಲೆ ನಿಂತು, ಧಾನ್ಯದ ಗಂಜಿ ಕೈಗೆ ಬಂದಾಗ ಮಗುವಿಗೆ ಬೇಗ ಹಾಲು ಬಿಡಿಸಬಹುದು, ಮುಂದಿನ ಮಗು ಬೇಗ ಬರುತ್ತದೆ. ಗದ್ದೆಗೂ ಕೈಗಳು ಬೇಕು. ಹೀಗೆ ಹೆರಿಗೆ ಜಾಸ್ತಿಯಾಯಿತು, ಹೆಂಗಸಿನ ಆಯುಸ್ಸಿನ ದೊಡ್ಡ ಪಾಲು ಬಸಿರು ಬಾಣಂತನದಲ್ಲೇ ಹೋಯಿತು.

ಎರಡನೆಯದು ಧಾನ್ಯದ ಕೆಲಸ. ಗೆಡ್ಡೆ ಸುಟ್ಟು ತಿನ್ನಬಹುದು. ಧಾನ್ಯವನ್ನು ಹಾಗೆ ತಿನ್ನಲು ಆಗುವುದಿಲ್ಲ. ಒಣಗಿಸಬೇಕು, ಕುಟ್ಟಬೇಕು, ಕೇರಬೇಕು, ಅರೆಯಬೇಕು, ಅದೂ ದಿನಾ. ಸಿರಿಯಾದ ಅಬು ಹುರೇರಾ ಅನ್ನುವ ಹಳೆಯ ಹಳ್ಳಿಯ ಮೂಳೆಗಳಲ್ಲಿ ಹೆಂಗಸರ ಕಾಲ್ಬೆರಳು ಬಾಗಿದೆ, ಮಂಡಿ ಸವೆದಿದೆ, ಸೊಂಟದ ಮೂಳೆ ಕೆಟ್ಟಿದೆ. ಮಂಡಿಯೂರಿ ಕೂತು, ಕಾಲ್ಬೆರಳಿನ ಮೇಲೆ ಭಾರ ಹಾಕಿ, ದಿನಕ್ಕೆ ಗಂಟೆಗಟ್ಟಲೆ ಕಲ್ಲಿನ ಮೇಲೆ ಕಾಳು ಅರೆದ ಗುರುತು ಅದು. ಯುರೋಪಿನ ಮಧ್ಯಭಾಗದ ಆದಿ ರೈತ ಹೆಂಗಸರ ತೋಳಿನ ಮೂಳೆಯನ್ನು 2017ರಲ್ಲಿ ಕೇಂಬ್ರಿಡ್ಜ್‌ನವರು ಈಗಿನ ದೋಣಿ ಸ್ಪರ್ಧೆಯ ಆಟಗಾರ್ತಿಯರ ಜೊತೆ ಹೋಲಿಸಿ ನೋಡಿದರು. 7000 ವರ್ಷದ ಹಿಂದಿನ ಆ ಹೆಂಗಸರ ತೋಳು ಆಟಗಾರ್ತಿಯರಿಗಿಂತ 11ರಿಂದ 16% ಗಟ್ಟಿ ಇತ್ತು. ಒಬ್ಬಿಬ್ಬರದ್ದಲ್ಲ, ಊರಿನ ಸಾಮಾನ್ಯ ಹೆಂಗಸರದ್ದು.

ಇದನ್ನು ಓದಿದ ದಿನ ನನಗೆ ನನ್ನ ಅಜ್ಜಿಯ ಕೈ ನೆನಪಾಯಿತು. ನಮ್ಮ ಮನೆಯ ಹಿಂದೆ ದೊಡ್ಡ ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದರು. ಅಂಗಳದಲ್ಲಿ ಹರಗಿ, ಒಣಗಿಸಿ, ಒನಕೆಯಲ್ಲಿ ಕುಟ್ಟಿ, ಗೆರಸೆಯಲ್ಲಿ ಕೇರಿ, ಆಮೇಲೆ ಕುಚ್ಚಲಕ್ಕಿ. ಸಂಜೆ ಕಡೆಯುವ ಕಲ್ಲಿನ ಮುಂದೆ ಕೂತರೆ ತೆಂಗಿನಕಾಯಿ ಮಸಾಲೆ ನುಣ್ಣಗಾಗುವವರೆಗೆ ಏಳುವಂತಿಲ್ಲ. ಅಜ್ಜಿ ಗದ್ದೆಗೆ ಹೋಗದ ದಿನವೂ ಅವರ ಮೈ ಗದ್ದೆಯ ಕೆಲಸ ಮಾಡುತ್ತಲೇ ಇತ್ತು. ಮಿಲ್ಲು ಬಂದ ಮೇಲೆ, ಮಿಕ್ಸಿ ಗ್ರೈಂಡರ್ ಬಂದ ಮೇಲೆ ಹೋದ ಆ ಗಂಟೆಗಳನ್ನು ಯಾರೂ ಲೆಕ್ಕ ಇಟ್ಟಿಲ್ಲ. ಹಾಗಾಗಿ ಬೇಸಾಯ ಬಂದು ಹೆಂಗಸರ ಕೆಲಸ ಕಮ್ಮಿ ಆಯಿತು, ಅದಕ್ಕೇ ಬೆಲೆ ಹೋಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಲಸ ಹೆಚ್ಚಾಯಿತು. ಕಮ್ಮಿ ಆದದ್ದು ಆ ಕೆಲಸದ ಫಲದ ಮೇಲಿನ ಹಿಡಿತ.

ಆ ಹಿಡಿತ ಹೋದದ್ದು ಹೇಗೆ? ಇಲ್ಲಿ ನಿಮ್ಮ ಅತ್ತೆ ಹೇಳಿದ ನೇಗಿಲು ಬರುತ್ತದೆ.

ಬೇಸಾಯ ಶುರುವಾಗಿ ಸಾವಿರಾರು ವರ್ಷ ಆದ ಮೇಲೆ ಬಂದದ್ದು ನೇಗಿಲು. ನಮ್ಮ ದೇಶದಲ್ಲಿ ರಾಜಸ್ಥಾನದ ಕಾಲಿಬಂಗನ್‌ನಲ್ಲಿ ಸುಮಾರು 4800 ವರ್ಷದ ಹಿಂದೆ ಉತ್ತ ಗದ್ದೆಯ ಸಾಲುಗಳು ಮಣ್ಣಿನಲ್ಲಿ ಹಾಗೇ ಸಿಕ್ಕಿವೆ. ನೇಗಿಲಿನ ಮೊದಲು ಕೋಲು, ಗುದ್ದಲಿಯ ಬೇಸಾಯ. ಗುದ್ದಲಿಯನ್ನು ಮಗುವನ್ನು ಪಕ್ಕದಲ್ಲಿ ಮಲಗಿಸಿ ಹಿಡಿಯಬಹುದು, ನಿಲ್ಲಿಸಬಹುದು, ಮತ್ತೆ ಶುರು ಮಾಡಬಹುದು. ಎತ್ತು ಕೋಣ ಕಟ್ಟಿದ ನೇಗಿಲು ಹಾಗಲ್ಲ. ತೋಳಿನ ಬಲ ಬೇಕು, ಪ್ರಾಣಿಯನ್ನು ಅಂಕೆಯಲ್ಲಿಡಬೇಕು, ಅರ್ಧದಲ್ಲಿ ಬಿಟ್ಟು ಮಗುವಿಗೆ ಹಾಲು ಕೊಡಲು ಹೋಗುವಂತಿಲ್ಲ. ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ತರ್ ಬೊಸರಪ್ 1970ರಲ್ಲಿ ಹೇಳಿದ್ದು ಇದನ್ನೇ. ಗುದ್ದಲಿ ಬೇಸಾಯದ ಊರುಗಳಲ್ಲಿ ಹೊಲದ ಕೆಲಸ ಹೆಂಗಸಿನದ್ದು, ನೇಗಿಲಿನ ಊರುಗಳಲ್ಲಿ ಗಂಡಸಿನದ್ದು. 2013ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಜಗತ್ತಿನ ನೂರಾರು ಜನಾಂಗಗಳ ಮಾಹಿತಿ ಇಟ್ಟುಕೊಂಡು ನೋಡಿದಾಗಲೂ, ಹಿಂದೆ ನೇಗಿಲು ಹಿಡಿದವರ ವಂಶದಲ್ಲಿ ಇವತ್ತಿಗೂ ಹೆಂಗಸರು ಹೊರಗಿನ ದುಡಿಮೆಗೆ ಹೋಗುವುದು ಕಮ್ಮಿ ಅಂತ ಕಂಡಿತು. ಅವರ ಮಕ್ಕಳು ಅಮೆರಿಕಕ್ಕೆ ಹೋಗಿ ನೆಲೆಸಿದರೂ ಹಾಗೇ. ನೇಗಿಲು ಅಟ್ಟ ಸೇರಿದ ಮೇಲೂ ಅದು ಕಲಿಸಿದ ಅಭ್ಯಾಸ ಮನೆಯಲ್ಲಿ ಉಳಿಯುತ್ತದೆ.

ಹೆಂಗಸು ನೇಗಿಲು ಮುಟ್ಟಬಾರದು ಅನ್ನುವ ಮಾತಿಗೆ ನನ್ನ ಉತ್ತರ ಇದು. ಅದರ ಹಿಂದೆ ಒಂದು ಕಾಲದ ಕಾರಣ ಇತ್ತು, ಅತ್ತೆ ಹೇಳಿದ ಹಾಗೆ ಸುಮ್ನೆ ಹುಟ್ಟಿದ್ದಲ್ಲ. ಆದರೆ ಅದು ಮೈಯ ಅನುಕೂಲದ ಲೆಕ್ಕ, ದೇವರ ಕಟ್ಟಳೆ ಅಲ್ಲ. ಟಿಲ್ಲರ್ ಬಂದ ದಿನ ಆ ಲೆಕ್ಕ ಮುಗಿಯಿತು. ನಿಷೇಧ ಮಾತ್ರ ಉಳಿಯಿತು. ಯಾಕೆ ಉಳಿಯಿತು ಅಂದರೆ, ಉಳುವವನೇ ರೈತ ಅಂತ ಆಯಿತು. ನೆಟ್ಟವಳು, ಕಳೆ ಕಿತ್ತವಳು, ಕೊಯ್ದವಳು, ಬೇಯಿಸಿ ಕುಟ್ಟಿದವಳು ಅವನಿಗೆ ಸಹಾಯ ಮಾಡಿದವಳು ಅಂತ ಆಯಿತು. ಹಟ್ಟಿಯ ಕೋಣ, ಗದ್ದೆ, ತುಂಬಿದ ಪಣತ (ಕಣಜ), ಇವು ತಲೆಮಾರಿನಿಂದ ತಲೆಮಾರಿಗೆ ದಾಟುವ ಆಸ್ತಿ. ಅಲೆದಾಡುವವರಿಗೆ ದಾಟಿಸಲು ಅಷ್ಟೇನೂ ಇರಲಿಲ್ಲ. ದಾಟಿಸಲು ಆಸ್ತಿ ಬಂದಾಗ ಯಾರಿಗೆ ಅನ್ನುವ ಪ್ರಶ್ನೆ ಬಂತು. ನನ್ನ ಮಗ ಯಾರು ಅಂತ ಖಚಿತ ಆಗಬೇಕು ಅನ್ನುವ ಆತಂಕ ಬಂತು. ಹೆಣ್ಣಿನ ಓಡಾಟಕ್ಕೆ ಬೇಲಿ ಬಿದ್ದದ್ದು ಎಷ್ಟೋ ಕಡೆ ಇಲ್ಲಿಂದ.

ಈಗ ನಮ್ಮೂರಿಗೆ ಬರೋಣ, ಯಾಕೆಂದರೆ ಈ ನೇಗಿಲಿನ ಕಥೆ ತುಳುನಾಡಿಗೆ ಪೂರ್ತಿ ಹೊಂದುವುದಿಲ್ಲ. ಅದೇ ನನಗೆ ಇಷ್ಟದ ಭಾಗ.

ನಾವು ಕೋಣ ಕಟ್ಟಿ ಉತ್ತವರು. ಕಂಬಳವೇ ಸಾಕ್ಷಿ. ಆದರೂ ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನರು ಹೆಣ್ಣಿನ ಕಡೆಯಿಂದಲೇ ಕುಟುಂಬ ಎಣಿಸಿದರು. ಹಾಗಾಗಿ ನೇಗಿಲು ಬಂದಲ್ಲೆಲ್ಲ ಒಂದೇ ಫಲ ಅಂತ ಯಾರೂ ಹೇಳುವಂತಿಲ್ಲ. ಒಂದು ಕಾರಣ ನಮ್ಮ ಬೆಳೆ. ಗೋಧಿಯನ್ನು ಬಿತ್ತಿ ಬಿಡಬಹುದು, ನೇಜಿಯನ್ನು, ಅಂದರೆ ಭತ್ತದ ಸಸಿಯನ್ನು, ಒಂದೊಂದೇ ನೆಡಬೇಕು. ಮೊದಲ ಬೆಳೆ ಏಣೆಲಿನ ಮಳೆಯಲ್ಲಿ ಎಲೆಯ ಹೊದಿಕೆ ಗೊರಬೆ ಹೊದ್ದು, ಸೊಂಟ ಬಗ್ಗಿಸಿ, ತುಳು ಪಾಡ್ದನ ಹಾಡಿಕೊಂಡು ನೆಟ್ಟ ಹೆಂಗಸರಿಲ್ಲದೆ ಬೈಲಿನಲ್ಲಿ ಒಂದು ಮುಡಿ ಅಕ್ಕಿ ಆಗುತ್ತಿರಲಿಲ್ಲ. ಎರಡನೇ ಬೆಳೆ ಸುಗ್ಗಿ, ಮೂರನೇ ಬೆಳೆ ಕೊಳಕೆಯೂ ಹಾಗೇ. ಆಳವಾಗಿ ಉಳಬಹುದಾದ ಮಣ್ಣಿನ ಜಿಲ್ಲೆಗಳಲ್ಲಿ ಹೆಂಗಸರ ದುಡಿಮೆಗೆ ಬೇಡಿಕೆ ಕಮ್ಮಿ, ಅಲ್ಲಿ ಹೆಣ್ಣುಮಕ್ಕಳ ಸಂಖ್ಯೆಯೂ ಕಮ್ಮಿ ಅಂತ ಭಾರತದ ಬಗ್ಗೆ 2014ರ ಒಂದು ಅಧ್ಯಯನ ಹೇಳುತ್ತದೆ. ನಮ್ಮಲ್ಲಿ 2011ರ ಜನಗಣತಿಯಲ್ಲಿ ಸಾವಿರ ಗಂಡಸರಿಗೆ ಉಡುಪಿಯಲ್ಲಿ 1094 ಹೆಂಗಸರು, ದಕ್ಷಿಣ ಕನ್ನಡದಲ್ಲಿ 1020. ಇದನ್ನು ನೋಡಿ ಕೂಡಲೇ ಹೆಮ್ಮೆ ಪಡಬೇಡಿ ಮಾರಾಯ್ರೇ, ಗಂಡಸರು ಮುಂಬೈಗೆ, ಗಲ್ಫಿಗೆ ಹೋದದ್ದೂ ಅದರಲ್ಲಿ ಸೇರಿದೆ.

ಇನ್ನು ಅಳಿಯಕಟ್ಟು. ಅದು ಹೇಗೆ ಶುರುವಾಯಿತು ಅಂತ ಹೇಳುವ ಭೂತಾಳ ಪಾಂಡ್ಯನ ಐತಿಹ್ಯ ನಿಮಗೆ ಗೊತ್ತಿರುತ್ತದೆ. ಬಲಿಗೆ ಅರಸನ ಹೆಂಡತಿ ತನ್ನ ಮಗನನ್ನು ಕೊಡಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಒಪ್ಪಿದಳು, ಅದಕ್ಕೇ ಆಸ್ತಿ ಅಳಿಯನಿಗೆ. ಗಮನಿಸಿ, ಈ ಕಥೆಯಲ್ಲಿ ತ್ಯಾಗ ಮಾಡಿದ್ದು ಹೆಣ್ಣು. ಆಸ್ತಿ ಹೋದದ್ದು ಅವಳ ಮಗನಿಗೆ.

ಇದನ್ನು ನಾನು ಮನೆಮನೆಯಲ್ಲಿ ಕಂಡೆ. ಕವರು, ಅಂದರೆ ಕುಟುಂಬದ ಕವಲು, ಹೆಣ್ಣಿನಿಂದ, ಕೀಲಿಕೈ ಸೋದರಮಾವನ ಸೊಂಟದಲ್ಲಿ. ಹಿರಿಯ ಹೆಂಗಸು ಯಜಮಾನ್ತಿ ಆಗಬಹುದಿತ್ತು, ಆದವರೂ ಇದ್ದರು. ಉಳ್ಳಾಲದ ಅಬ್ಬಕ್ಕ ಚೌಟ ಮನೆತನದಲ್ಲಿ ರಾಣಿಯಾಗಿ ಪೋರ್ಚುಗೀಸರನ್ನು ಎದುರಿಸಲು ಸಾಧ್ಯವಾದದ್ದು ಈ ಕಟ್ಟಿನಿಂದಲೇ. ಆದರೆ ಸಾಮಾನ್ಯ ಮನೆಗಳಲ್ಲಿ ಗೇಣಿ ಲೆಕ್ಕ, ಸಾಲ, ಕೋರ್ಟು ಎಲ್ಲ ಗಂಡಸರದ್ದು. ಹೆಣ್ಣಿಗೆ ಆಳ್ವಿಕೆ ಸಿಕ್ಕಲಿಲ್ಲ, ಆದರೆ ಆಸರೆ ಸಿಕ್ಕಿತು. ಆ ಆಸರೆ ಚಿಕ್ಕದಲ್ಲ. ಗಂಡನ ಜೊತೆ ಸರಿ ಬರದಿದ್ದರೆ ಹಿಂದೆ ಬರಲು ತನ್ನದೇ ಮನೆ ಇತ್ತು, ಅಣ್ಣನ ದಯೆಯಿಂದಲ್ಲ, ಹಕ್ಕಿನಿಂದ. ಎರಡನೇ ಮದುವೆಗೆ ಇಲ್ಲಿ ಬೇರೆ ಕಡೆಯಷ್ಟು ಅಡ್ಡಿ ಇರಲಿಲ್ಲ. ಹೆಣ್ಣುಮಗು ಹುಟ್ಟಿದರೆ ಸಂತಾನ ಉಳಿಯಿತು ಅಂತ ಸಂತೋಷ. ದೇಶದ ಬೇರೆ ಎಷ್ಟು ಕಡೆ ಈ ಮಾತು ಹೇಳಬಹುದು?

ಒಂದನ್ನು ಹೇಳದೆ ಮುಂದೆ ಹೋದರೆ ನನಗೆ ಸಮಾಧಾನ ಆಗುವುದಿಲ್ಲ. ಈ ಆಸರೆ ಗದ್ದೆ ಇದ್ದ ಮನೆಯ ಹೆಂಗಸಿಗೆ ಮಾತ್ರ. ಮೂಲದಾಳುಗಳಾಗಿ ಇನ್ನೊಬ್ಬರ ಗದ್ದೆಗೆ ಕಟ್ಟಿಬಿದ್ದ ಕುಟುಂಬಗಳ ಹೆಂಗಸರು ಎಲ್ಲರಿಗಿಂತ ಜಾಸ್ತಿ ನೆಟ್ಟರು, ಎಲ್ಲರಿಗಿಂತ ಜಾಸ್ತಿ ಹೊತ್ತರು. ಅವರ ಕುಟುಂಬಕ್ಕೆ ದಾಟಿಸಲು ಗದ್ದೆಯೇ ಇರಲಿಲ್ಲ. ತುಳುನಾಡಿನ ಹೆಂಗಸು ಅಂತ ಒಟ್ಟಿಗೆ ಮಾತಾಡುವಾಗ ಅವರನ್ನು ಮರೆಯುವುದು ನಮ್ಮ ಹಳೆಯ ಚಾಳಿ.

ಮತ್ತೆ ಎರಡು ದೊಡ್ಡ ತಿರುವು ಬಂತು, ಎರಡೂ ಕಾನೂನಿನಿಂದ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಿಂದ ಒಡೆಯದೆ ಉಳಿದಿದ್ದ ಕುಟುಂಬದ ಆಸ್ತಿಯಲ್ಲಿ ಕವರುಗಳು ಪಾಲು ಕೇಳಬಹುದಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ ಒಬ್ಬೊಬ್ಬರ ಪಾಲು ಅವರವರ ಹತ್ತಿರದ ವಾರಸುದಾರರಿಗೆ ಹೋಗುವುದು ಶುರುವಾಯಿತು. ಆಮೇಲೆ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿಗೆ ಕೊಟ್ಟ ಭೂಮಿ ಸರ್ಕಾರಕ್ಕೆ ಸೇರಿತು, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಒಡೆಯನಾದ. ನಮ್ಮ ಜಿಲ್ಲೆಯಲ್ಲಿ ಸಾವಿರಾರು ಒಕ್ಕಲು ಮನೆಗಳಿಗೆ ಬೆನ್ನು ನೆಟ್ಟಗಾದದ್ದು ಆವತ್ತು. ಆ ಸುಧಾರಣೆಯ ಬಗ್ಗೆ ನನಗೆ ದೊಡ್ಡ ಗೌರವ ಉಂಟು. ಆದರೆ ಆ ಅರ್ಜಿಗಳ ಮೇಲೆ ನಾನು ನೋಡಿದ ಟ್ರಿಬ್ಯೂನಲ್ ಆದೇಶಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಗಂಡಸಿನ ಹೆಸರಿನಲ್ಲಿ. ಉಳುವವನೇ ಒಡೆಯ ಅನ್ನುವ ಮಾತನ್ನು ಅಕ್ಷರ ಅಕ್ಷರ ಹಿಡಿದರು. ನೆಟ್ಟವಳೂ ಒಡತಿ ಅಂತ ಆವತ್ತು ಯಾರೂ ಹೇಳಲಿಲ್ಲ. ಹಳೇ ಮನೆಯಲ್ಲಿ ಹೆಣ್ಣಿಗೆ ಇದ್ದ ಆಸರೆ ಕರಗಿತು, ಹೊಸ ಕಾಗದದಲ್ಲಿ ಅವಳ ಹೆಸರು ಬರಲಿಲ್ಲ. ನಿಮ್ಮ ಅಮ್ಮ ಸಿಕ್ಕಿಕೊಂಡದ್ದು ಸರಿಯಾಗಿ ಈ ಎರಡರ ನಡುವೆ. 2015-16ರ ಕೃಷಿ ಗಣತಿಯಲ್ಲಿ ಇಡೀ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವುದು ಸುಮಾರು 14% ಮಾತ್ರ. ನಿಮ್ಮ ಅಮ್ಮ ದುಡಿದ ಗದ್ದೆ ಆ ಉಳಿದ ದೊಡ್ಡ ಗುಂಪಿನಲ್ಲಿ ಒಂದು.

ಹಣ ಕೈಗೆ ಬಂದರೆ ಏನಾಗುತ್ತದೆ ಅಂತ ನಾವು ಇಲ್ಲೇ ನೋಡಿದ್ದೇವೆ. ಬೀಡಿ ಕಟ್ಟಿದ ಹೆಂಗಸರ ಹೆಸರಿನಲ್ಲಿ ಪಾಸ್‌ಬುಕ್ ಇತ್ತು, ಪಿಎಫ್ ಇತ್ತು, ವಾರಕ್ಕೊಮ್ಮೆ ಬ್ರಾಂಚಿನಿಂದ ದುಡ್ಡು ಅವರ ಕೈಗೇ ಬರುತ್ತಿತ್ತು. ಮಕ್ಕಳ ಫೀಸು, ಮಗಳ ಚಿನ್ನ, ಮನೆಯ ಹಂಚು, ಎಷ್ಟೋ ಮನೆಗಳಲ್ಲಿ ಅದರಿಂದಲೇ. ಅದೇ ಹೆಂಗಸು ಬೀಡಿಯ ಸೂಪನ್ನು (ಮೊರವನ್ನು) ಬದಿಗಿಟ್ಟು ಗದ್ದೆಗೆ ಇಳಿದರೆ ಅದು ಮನೆ ಕೆಲಸ. ಮೀನು ಬುಟ್ಟಿ ಹೊತ್ತ ಮೊಗವೀರ ಹೆಂಗಸರ ಮಾತಿಗೆ ಮನೆಯಲ್ಲಿ ತೂಕ ಯಾಕೆ ಉಂಟು? ಮಾರಿದವಳೇ ಹಣ ಎಣಿಸುವುದು. ಬೇಸಾಯದಲ್ಲಿ ಆ ಎಣಿಕೆ ತಪ್ಪಿಹೋಯಿತು.

ಈಗ ಸಹಿಯ ವಿಷಯ.

ಜನ ಹೇಳುವ ಕೆಲವು ಮಾತನ್ನು ಮೊದಲು ಬದಿಗಿಡೋಣ. 2005ರ ತಿದ್ದುಪಡಿ ಆದ ಮೇಲೆ ಮಾತ್ರ ಹೆಣ್ಣುಮಕ್ಕಳಿಗೆ ಹಕ್ಕು ಬಂತು ಅನ್ನುತ್ತಾರೆ. ಅಲ್ಲ. ಅದು ಪಿತ್ರಾರ್ಜಿತ ಕೂಡುಕುಟುಂಬದ ಆಸ್ತಿಯ ವಿಷಯ. ಅಪ್ಪನ ಸ್ವಂತ ಆಸ್ತಿಗೆ ವೀಲುನಾಮೆ ಇಲ್ಲದಿದ್ದರೆ ಮಗಳೂ ಮಗನಷ್ಟೇ ವಾರಸುದಾರಳು ಅನ್ನುವುದು 1956ರಿಂದಲೇ ಉಂಟು. ಮದುವೆಗೆ ಚಿನ್ನ ಹಾಕಿದ್ದೇವೆ, ಪಾಲು ಮುಗಿಯಿತು ಅನ್ನುತ್ತಾರೆ. ಚಿನ್ನದಿಂದ ಹಕ್ಕು ಹೋಗುವುದಿಲ್ಲ. ಅಳಿಯಕಟ್ಟಿನವರಿಗೆ ಅಪ್ಪನ ಆಸ್ತಿ ಬರುವುದಿಲ್ಲ ಅನ್ನುವವರೂ ಇದ್ದಾರೆ. ಅದೂ ಈಗ ಹಾಗಿಲ್ಲ.

ನೀವು ಬರೆದ ಪ್ರಕಾರ ಜಾಗ ಅಪ್ಪನ ಒಬ್ಬರ ಹೆಸರಿನದ್ದು, ವೀಲುನಾಮೆ ಇಲ್ಲ. ನೀವಿಬ್ಬರೇ ಮಕ್ಕಳಾಗಿದ್ದು, ಅಪ್ಪನ ತಾಯಿ ಈಗಾಗಲೇ ತೀರಿಕೊಂಡಿದ್ದರೆ, ವಾರಸುದಾರರು ಮೂವರು: ಅಮ್ಮ, ಅಣ್ಣ, ನೀವು. ಮೂವರಿಗೂ ಸಮಪಾಲು. ಆದರೆ ಆ ಗೇಣಿ ಅಜ್ಜನ ಕಾಲದ್ದಾಗಿದ್ದು, ಅಪ್ಪ ಇಡೀ ಕುಟುಂಬದ ಪರವಾಗಿ ಅರ್ಜಿ ಕೊಟ್ಟಿದ್ದರೆ ಲೆಕ್ಕ ಬೇರೆ ಆಗಬಹುದು. ಅದಕ್ಕೇ ಟ್ರಿಬ್ಯೂನಲ್ ಆದೇಶದ ಪ್ರತಿ ತೆಗೆಸಿ. ಸಿವಿಲ್ ವಕೀಲರಿಗೆ ತೋರಿಸಿ, ಅಣ್ಣನ ಪತ್ರ ಮಾಡಿಕೊಡುವವರಿಗಲ್ಲ.

ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ನೋಂದಣಿ ಆದರೆ ಅದನ್ನು ಹಿಂದೆ ಪಡೆಯುವುದು ಬಹಳ ಕಷ್ಟ. ಮೋಸ, ಬಲವಂತ ಆಗಿದೆ ಅಂತ ಕೋರ್ಟಿನಲ್ಲಿ ತೋರಿಸಬೇಕು. ಅಣ್ಣನ ಮೇಲೆ ಅದನ್ನು ತೋರಿಸುವ ದಿನ ಬರುವುದು ಬೇಡ, ಅಲ್ವಾ? ಹಾಗಂತ ಸಹಿ ಹಾಕುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಅಣ್ಣನ ಕಡೆಯನ್ನೂ ನೋಡಬೇಕು. ತೋಟ ನೋಡಿಕೊಂಡವನು ಅವನು, ಅಪ್ಪನ ಕಾಯಿಲೆಯಲ್ಲಿ ಓಡಾಡಿದವನು ಅವನಾಗಿರಬಹುದು. ಸೊಸೈಟಿಯ ಸಾಲಕ್ಕೆ, ಬೆಳೆ ವಿಮೆಗೆ ಹೋದಾಗಲೆಲ್ಲ ತೀರಿಹೋದವರ ಹೆಸರಿನ ಆರ್‌ಟಿಸಿ ಹಿಡಿದು ಅವನಿಗೂ ಸಾಕಾಗಿರುತ್ತದೆ. ತಿಳಿದು, ಮನಸ್ಸಿಟ್ಟು ಬಿಟ್ಟುಕೊಡುವುದು ಬೇರೆ. ಹೆದರಿ ಬಿಟ್ಟುಕೊಡುವುದು ಬೇರೆ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಹೆದರಿಕೆ.

ನನಗೆ ಸರಿ ಕಾಣುವುದು, ಮೊದಲು ಪೌತಿ ಖಾತೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ವಂಶವೃಕ್ಷ, ಮರಣ ಪ್ರಮಾಣಪತ್ರ ಕೊಟ್ಟರೆ ಮೂವರ ಹೆಸರೂ ಜಂಟಿಯಾಗಿ ಆರ್‌ಟಿಸಿಗೆ ಬರುತ್ತದೆ. ಇದರಲ್ಲಿ ಯಾರೂ ಯಾರಿಗೂ ಏನೂ ಬಿಟ್ಟುಕೊಟ್ಟ ಹಾಗೆ ಆಗುವುದಿಲ್ಲ, ಮಾತುಕತೆಗೆ ಸಮಯ ಸಿಗುತ್ತದೆ. ತೊಂದರೆ ಏನೆಂದರೆ ಸಾಲಕ್ಕೆ, ಮಾರಾಟಕ್ಕೆ ಮೂವರ ಸಹಿಯೂ ಬೇಕು. ಅಣ್ಣನಿಗೆ ಇದು ಕಿರಿಕಿರಿ ಆಗುತ್ತದೆ. ಪ್ರತಿ ಸಲ ಮಂಗಳೂರಿನಿಂದ ಹೋಗಿ ಸಹಿ ಹಾಕಲು ನೀವೂ ತಯಾರಿರಬೇಕು, ನಿಮ್ಮಿಂದಾಗಿ ಅವನ ಸಾಲ ನಿಲ್ಲಬಾರದು.

ಪಾಲುಪಟ್ಟಿ ಮಾಡಿ ಬೇರೆ ಬೇರೆ ಮಾಡಿಕೊಳ್ಳುವುದು ಇನ್ನೊಂದು ದಾರಿ. ಪಾಲುಗಳನ್ನು ತೋರಿಸುವ ಸರ್ವೆಯವರ 11ಇ ನಕ್ಷೆ ಆಗಬೇಕು, ತಿಂಗಳುಗಟ್ಟಲೆ ಹಿಡಿಯಬಹುದು. ಒಂದೂವರೆ ಎಕರೆಯನ್ನು ಮೂರು ಮಾಡಿದರೆ ಒಬ್ಬೊಬ್ಬರಿಗೆ 50 ಸೆಂಟ್ಸ್. ಬಾವಿ ಒಬ್ಬರ ಪಾಲಿಗೆ, ದಾರಿ ಇನ್ನೊಬ್ಬರ ಪಾಲಿಗೆ ಬಿದ್ದರೆ ಜಗಳ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಬೇಸಾಯ ಮುಂದುವರಿಯಬೇಕು ಅನ್ನುವ ಆಸೆ ನಿಮಗಿದ್ದರೆ ಇದು ಕೊನೆಯ ದಾರಿ ಆಗಲಿ. ನಿಮ್ಮ ಪಾಲಿಗೆ ಬೆಲೆ ಕಟ್ಟಿ ಅಣ್ಣ ಹಣ ಕೊಡುವುದೂ ಆಗಬಹುದು. ಆಗ ಮೊತ್ತವನ್ನು ಪತ್ರದಲ್ಲೇ ಬರೆಸಿ, ಬ್ಯಾಂಕಿನಿಂದಲೇ ಬರಲಿ. ಆಮೇಲೆ ಕೊಡುತ್ತೇನೆ ಅನ್ನುವ ಬಾಯಿಮಾತು ಅಣ್ಣ ತಂಗಿ ಇಬ್ಬರಿಗೂ ಒಳ್ಳೆಯದಲ್ಲ.

ನೀವು ಕೇಳದ ಒಂದು ವಿಷಯ ಉಂಟು. ಬಿಡುಗಡೆ ಪತ್ರದಲ್ಲಿ ಸಹಿ ಹಾಕಬೇಕಾದವರು ನೀವೊಬ್ಬರೇ ಅಲ್ಲ. ಜಾಗ ಪೂರ್ತಿ ಅಣ್ಣನ ಹೆಸರಿಗೆ ಆಗಬೇಕಾದರೆ ಅಮ್ಮನೂ ತಮ್ಮ ಪಾಲು ಬಿಡಬೇಕು. ಆ ಪಾಲಿನ ಬಗ್ಗೆ ಮನೆಯಲ್ಲಿ ಯಾರಾದರೂ ಮಾತಾಡಿದ್ದಾರಾ? ನಾನು ಹೋದ ಮನೆಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ಮಗಳ ಸಹಿಗೆ ಚರ್ಚೆ, ಸಿಟ್ಟು, ಮಧ್ಯಸ್ಥಿಕೆ ಎಲ್ಲ ಆಗುತ್ತದೆ. ಅಮ್ಮನ ಹೆಬ್ಬೆಟ್ಟು ಕೇಳದೆಯೇ ಬೀಳುತ್ತದೆ. ಪಾಲು ಬಿಟ್ಟುಕೊಟ್ಟ ಮೇಲೆ ಅವರು ಆ ಮನೆಯಲ್ಲಿ ಇರುವುದು ಬೇರೆಯವರ ಒಳ್ಳೆಯ ಮನಸ್ಸಿನ ಮೇಲೆ. ಅಣ್ಣ ಒಳ್ಳೆಯವನೇ ಇರಬಹುದು. ಅಣ್ಣನಿಗೆ ಏನಾದರೂ ಆದರೆ?

ಹಾಗಾಗಿ ನೀವು ನಿಮ್ಮ ಪಾಲನ್ನು ಏನೇ ಮಾಡಿ, ಅಮ್ಮನ ಮೂರನೇ ಒಂದು ಭಾಗ ಅವರ ಜೀವ ಇರುವವರೆಗೆ ಅವರ ಹೆಸರಿನಲ್ಲೇ ಇರಲಿ ಅಂತ ಹೇಳಿ ನೋಡಿ. ಅಣ್ಣನೇ ಬೇಸಾಯ ಮಾಡಲಿ, ಅಡಿಕೆಯೂ ಅವನೇ ಕೊಯ್ಯಲಿ. ಆ ಪಾಲು ಅಮ್ಮನ ಸಂಪೂರ್ಣ ಸ್ವತ್ತು, ಬೇಕಾದವರಿಗೆ ವೀಲುನಾಮೆ ಬರೆಯಬಹುದು. ಬರೆಯದಿದ್ದರೂ ಅಳಿಯಕಟ್ಟಿನ ಹೆಂಗಸಿನ ಆಸ್ತಿಗೆ 1956ರ ಕಾಯಿದೆಯಲ್ಲಿ ಬೇರೆಯೇ ಒಂದು ಕ್ರಮ ಉಂಟು, 17ನೇ ಕಲಮು. ಮೊದಲು ಮಕ್ಕಳು ಮತ್ತು ಅವಳ ತಾಯಿ, ಆಮೇಲೆ ಅಪ್ಪ ಮತ್ತು ಗಂಡ. ಬೇರೆ ಹಿಂದೂ ಹೆಂಗಸರ ಆಸ್ತಿಯಲ್ಲಿ ಗಂಡ ಮಕ್ಕಳ ಜೊತೆ ಮೊದಲ ಸಾಲಿನಲ್ಲೇ ಬರುತ್ತಾನೆ, ತಾಯಿ ಆಮೇಲೆ. ನಮ್ಮ ಹಳೇ ಕಟ್ಟು ಈ ಒಂದು ಸಾಲಿನಲ್ಲಿ ಇನ್ನೂ ಉಸಿರಾಡುತ್ತಿದೆ. ಅತ್ತೆಗೆ ಇದನ್ನೂ ಹೇಳಿ.

ಈ ವಾರ ಫೋನಿನಲ್ಲಿ ಮಾತಾಡಬೇಡಿ, ಊರಿಗೆ ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ. ಅಣ್ಣ ತೋಟಕ್ಕೆ ಹೋದ ಹೊತ್ತು ನೋಡಿ ಅಮ್ಮನ ಹತ್ತಿರ ಕೂತು ಕೇಳಿ: ಅಮ್ಮಾ, ನಿಮಗೆ ಏನು ಬೇಕು? ಅವರು ನನಗೇನೂ ಬೇಡ ಅಂತಲೇ ಶುರು ಮಾಡುತ್ತಾರೆ. ಇನ್ನೊಂದು ಸಲ ಕೇಳಿ. ಯಾವ ಗದ್ದೆಯಲ್ಲಿ ಎಷ್ಟು ನೇಜಿ ಬೇಕಾಗುತ್ತಿತ್ತು, ಎಷ್ಟು ಜನ ಹೆಂಗಸರು ಎಷ್ಟು ದಿನ ನೆಡುತ್ತಿದ್ದರು, ಆ ವರ್ಷ ಎಷ್ಟು ಮುಡಿ ಆಯಿತು ಅಂತ ಕೇಳಿ, ಮಗಳು ಬರೆದುಕೊಳ್ಳಲಿ. ಅವಳ ಪ್ರಶ್ನೆಗೆ ನಾನು ಇಲ್ಲಿ ಕೊಟ್ಟದ್ದಕ್ಕಿಂತ ಒಳ್ಳೆಯ ಉತ್ತರ ಆ ಪುಸ್ತಕದಲ್ಲಿ ಇರುತ್ತದೆ. ಟ್ರಿಬ್ಯೂನಲ್ ಆದೇಶ ಸಿಕ್ಕಿದ ಮೇಲೆ ನನಗೆ ಮತ್ತೆ ಬರೆಯಿರಿ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಬೇಡ. ನಿಮ್ಮದೂ, ಅಮ್ಮನದ್ದೂ.